ಮಧ್ಯಾಹ್ನ ಸಲಾಡ್, ಶುಗರ್ ಏರಿಳಿಯದಂತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಧ್ಯಾಹ್ನದ ಊಟಕ್ಕೆ ಸಲಾಡ್ ತಿನ್ನಲು ಶುರು ಮಾಡಿದವರು ಸಾಮಾನ್ಯವಾಗಿ ಎರಡು ಥರದ ಬೇಸರ ಹೇಳಿಕೊಳ್ಳುತ್ತಾರೆ. "ಬರೀ ತರಕಾರಿ ತಿಂದರೂ ಶುಗರ್ ಏರಿದೆ" ಎನ್ನುವುದು ಒಂದು. "ಮೂರು ಗಂಟೆ ಆಗುವಷ್ಟರಲ್ಲಿ ಹಸಿವು ತಡೆಯಲಾಗದೆ ಸಿಕ್ಕಿದ್ದೆಲ್ಲ ತಿಂದೆ" ಎನ್ನುವುದು ಇನ್ನೊಂದು. ಎರಡಕ್ಕೂ ಕಾರಣ ಬಹುಪಾಲು ತಟ್ಟೆಯಲ್ಲೇ ಇರುತ್ತದೆ, ಎರಡನ್ನೂ ಸರಿಪಡಿಸಬಹುದು. ಇಲ್ಲಿನ ಉತ್ತರಗಳು ಟೈಪ್ 2 ಮಧುಮೇಹ ಇರುವವರಿಗೆ, ಅದರ ಅಂಚಿನಲ್ಲಿರುವವರಿಗೆ, ಮತ್ತು ಶುಗರ್ ಇಲ್ಲದಿದ್ದರೂ ಊಟದ ನಂತರದ ಏರಿಳಿತ ಕಡಿಮೆಯಾಗಲಿ ಎನ್ನುವವರಿಗೆ. ನೀವು ಇನ್ಸುಲಿನ್ ಅಥವಾ ಶುಗರ್ ಇಳಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲು ಔಷಧಿಯ ಬಗ್ಗೆ ಇರುವ ಪ್ರಶ್ನೆ ಓದಿ. ಉಳಿದದ್ದು ಆಮೇಲೆ.

ಸಲಾಡ್‌ನಲ್ಲಿ ಸಕ್ಕರೆಯೇ ಇಲ್ಲವಲ್ಲ, ಮತ್ತೆ ಶುಗರ್ ಯಾಕೆ ಏರುತ್ತದೆ?

ಎಲೆ, ಸೌತೆಕಾಯಿ, ಟೊಮೆಟೊ, ಎಲೆಕೋಸು, ಕ್ಯಾಪ್ಸಿಕಂ ಇವುಗಳಿಂದ ಏರುವುದು ತೀರಾ ಕಡಿಮೆ. 100 ಗ್ರಾಂ ಸೌತೆಕಾಯಿಯಲ್ಲಿ ಸುಮಾರು 95 ಗ್ರಾಂ ನೀರೇ ಇರುತ್ತದೆ. ಕಾರ್ಬೋಹೈಡ್ರೇಟ್ 4 ಗ್ರಾಂ ಕೂಡ ಇರುವುದಿಲ್ಲ. ಏರಿಸುವುದು ಅದರ ಜೊತೆಗೆ ಬಂದು ಸೇರುವ ವಸ್ತುಗಳು. ಬೇಯಿಸಿದ 100 ಗ್ರಾಂ ಸ್ವೀಟ್ ಕಾರ್ನ್‌ನಲ್ಲಿ ಸುಮಾರು 20 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ಆಲೂಗಡ್ಡೆಯಲ್ಲೂ ಹೆಚ್ಚುಕಮ್ಮಿ ಅಷ್ಟೇ. 30 ಗ್ರಾಂ ಒಣದ್ರಾಕ್ಷಿ ಎಂದರೆ ಒಂದು ಸಣ್ಣ ಹಿಡಿ. ಅದರಲ್ಲಿ 20 ಗ್ರಾಂಗಿಂತ ಜಾಸ್ತಿ, ಅದೂ ಬಹುಪಾಲು ನೇರ ಸಕ್ಕರೆ. ಡ್ರೆಸ್ಸಿಂಗ್‌ಗೆ ಒಂದು ದೊಡ್ಡ ಚಮಚ ಜೇನು ಹಾಕಿದರೆ ಇನ್ನೊಂದು 17 ಗ್ರಾಂ. ಮೇಲೆ ಉದುರಿಸಿದ ಹುರಿದ ಬ್ರೆಡ್ ತುಂಡು, ಪಕ್ಕದಲ್ಲಿ ಒಂದು ಲೋಟ ಹಣ್ಣಿನ ರಸ ಇದ್ದರಂತೂ ಲೆಕ್ಕ ಬೇರೆಯೇ ಆಗುತ್ತದೆ.

ಇಷ್ಟು ಗ್ರಾಂ ದೊಡ್ಡದೋ ಸಣ್ಣದೋ ಎಂದು ತಿಳಿಯಲು ಒಂದು ವಿಷಯ ನೆನಪಿಟ್ಟುಕೊಳ್ಳಿ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಶುಗರ್ 100 ಮಿ.ಗ್ರಾಂ (ಒಂದು ಡೆಸಿಲೀಟರ್, ಅಂದರೆ 100 ಮಿ.ಲೀ. ರಕ್ತಕ್ಕೆ) ಇದ್ದಾಗ ಅಷ್ಟೂ ರಕ್ತದಲ್ಲಿ ಕರಗಿರುವ ಸಕ್ಕರೆ ಬರೀ 5 ಗ್ರಾಂ, ಅಂದರೆ ಒಂದು ಟೀ ಚಮಚದ ಆಸುಪಾಸು. ಊಟದಿಂದ ಬರುವ 30, 40 ಗ್ರಾಂ ಅನ್ನು ದೇಹ ಅಲ್ಲಿಂದ ಸಾಗಹಾಕುತ್ತಲೇ ಇರಬೇಕು. ನಿಧಾನವಾಗಿ ಬಂದರೆ ನಿಭಾಯಿಸುತ್ತದೆ. ಒಟ್ಟಿಗೇ ನುಗ್ಗಿದರೆ ಕಷ್ಟ.

ಊಟವಾದ ಮೇಲೆ ಶುಗರ್ ಎಷ್ಟಿದ್ದರೆ ಸರಿ?

ಮಧುಮೇಹ ಇರುವ, ಗರ್ಭಿಣಿಯರಲ್ಲದ ಹೆಚ್ಚಿನ ವಯಸ್ಕರಿಗೆ ಊಟಕ್ಕೆ ಮುಂಚೆ 80ರಿಂದ 130, ಊಟ ಶುರು ಮಾಡಿದ ಒಂದೆರಡು ಗಂಟೆಯಲ್ಲಿ 180ರ ಒಳಗೆ ಎನ್ನುವುದು ಸಾಮಾನ್ಯ ಗುರಿ. ಇವೆಲ್ಲ ಒಂದು ಡೆಸಿಲೀಟರ್‌ಗೆ ಇಷ್ಟು ಮಿಲಿಗ್ರಾಂ ಎನ್ನುವ ಲೆಕ್ಕ. ಕೆಲವು ಮೀಟರ್‌ಗಳು ಮಿಲಿಮೋಲ್‌ನಲ್ಲಿ ತೋರಿಸುತ್ತವೆ. ಅದನ್ನು 18ರಿಂದ ಗುಣಿಸಿದರೆ ಮಿಲಿಗ್ರಾಂ ಲೆಕ್ಕ ಸಿಗುತ್ತದೆ. ಮಧುಮೇಹ ಇಲ್ಲದವರಲ್ಲಿ ಎರಡು ಗಂಟೆಯ ಹೊತ್ತಿಗೆ ಸಾಮಾನ್ಯವಾಗಿ 140ರ ಒಳಗೆ ಬಂದಿರುತ್ತದೆ. ವಯಸ್ಸಾದವರಿಗೆ, ಬೇರೆ ಕಾಯಿಲೆ ಇರುವವರಿಗೆ ವೈದ್ಯರು ಬೇರೆ ಗುರಿ ಕೊಟ್ಟಿರಬಹುದು. ಕೊಟ್ಟಿದ್ದರೆ ಅದೇ ನಿಮ್ಮ ಗುರಿ.

ಊಟವಾದ ಮೇಲೆ ಶುಗರ್ ಸ್ವಲ್ಪ ಏರುವುದು ಸಹಜ. ಗೆರೆ ಎಳೆದ ಹಾಗೆ ಒಂದೇ ಮಟ್ಟದಲ್ಲಿ ಇರಬೇಕು ಎಂದು ಹಟ ಹಿಡಿಯಬೇಡಿ. ನಿಧಾನವಾಗಿ ಏರಿ, ನಿಧಾನವಾಗಿ ಇಳಿದರೆ ಸಾಕು.

ಬರೀ ಎಲೆ, ಸೌತೆಕಾಯಿ, ಟೊಮೆಟೊ ತಿಂದರೆ ಇನ್ನೂ ಒಳ್ಳೆಯದಲ್ವಾ?

ಎಲ್ಲಕ್ಕಿಂತ ಜಾಸ್ತಿ ಒತ್ತಿ ಹೇಳಬೇಕಾದ ವಿಷಯ ಇದು: ಬರೀ ತರಕಾರಿ ಊಟ ಅಲ್ಲ. ಅದು ಊಟದ ಅರ್ಧ.

ಒಂದು ದೊಡ್ಡ ಬಟ್ಟಲು ಎಲೆ, ಸೌತೆಕಾಯಿ, ಟೊಮೆಟೊ ಸೇರಿದರೂ 100 ಕ್ಯಾಲರಿ ದಾಟುವುದು ಕಷ್ಟ. ಹೊಟ್ಟೆ ತುಂಬಿದಂತೆ ಅನಿಸುತ್ತದೆ, ಯಾಕೆಂದರೆ ನೀರು ಮತ್ತು ನಾರು ಜಾಗ ತುಂಬುತ್ತವೆ. ಒಂದೂವರೆ ಎರಡು ಗಂಟೆಯಲ್ಲಿ ಹಸಿವು ವಾಪಸ್ ಬರುತ್ತದೆ. ಆಗ ಕೈಗೆ ಸಿಗುವುದು ಬಿಸ್ಕೆಟ್, ಸಿಹಿ ಟೀ, ಚಿಪ್ಸ್. ಮಧ್ಯಾಹ್ನ ಒಂದಕ್ಕೆ ಚೆನ್ನಾಗಿದ್ದ ಶುಗರ್ ಐದಕ್ಕೆ ಜಿಗಿದಿರುತ್ತದೆ. ದೂರು ಬೀಳುವುದು ಸಲಾಡ್ ಮೇಲೆ.

ಊಟ ಶುರುವಾಗಿ ಎರಡು ಗಂಟೆ ಆದಾಗಿನ ರೀಡಿಂಗ್ ಒಂದನ್ನೇ ನೋಡಿದರೆ ಬರೀ ಎಲೆಯ ಸಲಾಡ್ ಗೆದ್ದಂತೆ ಕಾಣುತ್ತದೆ. ಮಲಗುವ ತನಕದ ಇಡೀ ದಿನ ನೋಡಿದರೆ ಕಥೆ ಬೇರೆ. ಪ್ರೋಟೀನ್, ಸ್ವಲ್ಪ ಕೊಬ್ಬು, ನಿಧಾನವಾಗಿ ಕರಗುವ ಒಂದಿಷ್ಟು ಪಿಷ್ಟ ಸೇರಿದ ಸಲಾಡ್ ಎರಡು ಗಂಟೆಗೆ ಕೆಲವು ಅಂಕಿ ಜಾಸ್ತಿ ತೋರಿಸಬಹುದು. ಆದರೆ ಸಂಜೆವರೆಗೆ ಕೈ ಹಿಡಿಯುತ್ತದೆ. ನನ್ನ ಮಟ್ಟಿಗೆ ಇದೇ ಒಳ್ಳೆಯ ಊಟ.

ಹಾಗಾದರೆ ಪ್ರೋಟೀನ್ ಎಷ್ಟು ಬೇಕು? ಯಾವುದು ಹಾಕಬೇಕು?

ಒಂದು ಊಟಕ್ಕೆ 20ರಿಂದ 30 ಗ್ರಾಂ ಇಟ್ಟುಕೊಂಡರೆ ಹೆಚ್ಚಿನವರಿಗೆ ಸಂಜೆಯ ತನಕ ತಡೆಯುತ್ತದೆ. ಬೇಯಿಸಿದ 100 ಗ್ರಾಂ ಕೋಳಿ ಎದೆ ಮಾಂಸದಲ್ಲಿ ಸುಮಾರು 30 ಗ್ರಾಂ ಇದೆ, ಹಾಗಾಗಿ ಮಾಂಸ ತಿನ್ನುವವರಿಗೆ ಇದು ಸುಲಭ. ಮೀನೂ ಚೆನ್ನಾಗಿ ಹೊಂದುತ್ತದೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ಎರಡು ಮೊಟ್ಟೆ ಹಾಕಿದರೆ 12 ಆಯಿತು, ಅದಕ್ಕೆ ಇನ್ನೇನಾದರೂ ಜೊತೆ ಬೇಕು.

ಕಾಳುಗಳ ಬಗ್ಗೆ ನನಗೆ ವಿಶೇಷ ಒಲವು. ಬೇಯಿಸಿದ ಅರ್ಧ ಕಪ್ ಕಾಬೂಲ್ ಕಡಲೆಯಲ್ಲಿ ಸುಮಾರು 7 ಗ್ರಾಂ ಪ್ರೋಟೀನ್, 6 ಗ್ರಾಂ ನಾರು, 22 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ಕಾರ್ಬೋಹೈಡ್ರೇಟ್ ಅಂಕಿ ನೋಡಿ ಗಾಬರಿಯಾಗಬೇಡಿ. ಆ ಪಿಷ್ಟ ಕಾಳಿನ ಗಟ್ಟಿ ಜೀವಕೋಶಗಳ ಒಳಗೆ ಸಿಕ್ಕಿಕೊಂಡಿರುತ್ತದೆ. ಜೊತೆಗೆ ನಾರು ಇದೆ. ಹಾಗಾಗಿ ಬಹಳ ನಿಧಾನವಾಗಿ ಬಿಡುಗಡೆಯಾಗುತ್ತದೆ. ಕಾಳಿನ ಇನ್ನೊಂದು ಗುಣ, ಅದರ ಉಪಕಾರ ಮುಂದಿನ ಊಟಕ್ಕೂ ಚಾಚುತ್ತದೆ. ಒಂದು ಹೊತ್ತು ಕಾಳು ತಿಂದರೆ ಮುಂದಿನ ಹೊತ್ತಿನ ಊಟದ ನಂತರವೂ ಶುಗರ್ ಕಡಿಮೆ ಏರುತ್ತದೆ. ಇದನ್ನು ಎರಡನೇ ಊಟದ ಪರಿಣಾಮ ಎನ್ನುತ್ತಾರೆ. 1980ರ ದಶಕದಿಂದಲೂ ಇದು ಗೊತ್ತಿರುವ ಸಂಗತಿ.

ರಾಜ್ಮಾ ಹಾಕುವುದಾದರೆ ಒಂದು ಎಚ್ಚರ. ಅದನ್ನು ಚೆನ್ನಾಗಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕುದಿಸಿ ಪೂರ್ತಿ ಬೇಯಿಸಲೇಬೇಕು. ಅರೆಬೆಂದ ರಾಜ್ಮಾದಲ್ಲಿರುವ ಲೆಕ್ಟಿನ್ ಎನ್ನುವ ಪ್ರೋಟೀನ್ ವಾಂತಿಭೇದಿ ತರಿಸುತ್ತದೆ. ತೋಫು, ಪನೀರ್, ಗಟ್ಟಿ ಮೊಸರು ಎಲ್ಲವೂ ಆಗುತ್ತದೆ. ಸಕ್ಕರೆ ಹಾಕಿದ ಮೊಸರು ಬೇಡ.

ಎಣ್ಣೆ ಹಾಕಬಹುದಾ? ತೂಕ ಇಳಿಸಬೇಕಾಗಿದೆ.

ಹಾಕಿ. ಅಳತೆ ಇರಲಿ. ಕೊಬ್ಬು ಇದ್ದರೆ ಹೊಟ್ಟೆಯಿಂದ ಆಹಾರ ನಿಧಾನವಾಗಿ ಮುಂದೆ ಹೋಗುತ್ತದೆ, ಸಕ್ಕರೆ ಏರುವುದೂ ನಿಧಾನ. ಕ್ಯಾರೆಟ್, ಟೊಮೆಟೊ, ಸೊಪ್ಪುಗಳ ಬಣ್ಣದ ಸತ್ವಗಳು ಮತ್ತು ವಿಟಮಿನ್ ಕೆ ಮೈಗೆ ಹತ್ತುವುದಕ್ಕೂ ಕೊಬ್ಬು ಬೇಕು. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲರಿ ಇದೆ. ಒಬ್ಬರಿಗೆ ಅಷ್ಟು ಸಾಕು. ಬಾಟಲಿಯಿಂದ ನೇರ ಸುರಿಯಬೇಡಿ, ಚಮಚದಲ್ಲಿ ಅಳೆದು ಹಾಕಿ. ಎಣ್ಣೆಯ ಬದಲು ಕಾಲು ಬೆಣ್ಣೆಹಣ್ಣು, ಇಲ್ಲವೇ ಒಂದು ಹಿಡಿ ಬಾದಾಮಿ, ಅಕ್ರೋಟ, ಕುಂಬಳ ಬೀಜ ಹಾಕಿದರೆ ನಾರೂ ಸಿಗುತ್ತದೆ.

ಅನ್ನ, ಬ್ರೆಡ್, ಪಾಸ್ತಾ ಪೂರ್ತಿ ಬಿಡಬೇಕಾ?

ಬಿಡಲೇಬೇಕು ಎಂದೇನಿಲ್ಲ. ಒಂಬತ್ತು ಇಂಚಿನ ತಟ್ಟೆ ತೆಗೆದುಕೊಳ್ಳಿ. ಅರ್ಧ ಪಿಷ್ಟವಿಲ್ಲದ ತರಕಾರಿ, ಕಾಲು ಭಾಗ ಪ್ರೋಟೀನ್, ಉಳಿದ ಕಾಲು ಭಾಗ ಧಾನ್ಯ ಅಥವಾ ಪಿಷ್ಟದ ತರಕಾರಿ. ಮಧುಮೇಹ ಇರುವವರಿಗೆ ಹೇಳಿಕೊಡುವ ಈ ತಟ್ಟೆಯ ಅಳತೆ ಸಲಾಡ್‌ಗೂ ಸರಿಹೊಂದುತ್ತದೆ. ಕಾಲು ಭಾಗಕ್ಕೆ ಇಡಿಧಾನ್ಯ ಇದ್ದರೆ ಉತ್ತಮ. ಮುರಿಯದ, ಹಿಟ್ಟಾಗದ ಕಾಳು ಮತ್ತು ಧಾನ್ಯ ನಿಧಾನವಾಗಿ ಅರಗುತ್ತವೆ. ಅದೇ ಧಾನ್ಯ ಹಿಟ್ಟಾದರೆ ಬೇಗ ಅರಗುತ್ತದೆ.

ಬೇಯಿಸಿ ತಣ್ಣಗಾಗಿಸಿದ ಅನ್ನ, ಆಲೂಗಡ್ಡೆ, ಪಾಸ್ತಾದಲ್ಲಿ ಸ್ವಲ್ಪ ಪಿಷ್ಟ ಅರಗದ ರೂಪಕ್ಕೆ ತಿರುಗುತ್ತದೆ. ಅದರಿಂದ ಶುಗರ್ ಕೊಂಚ ಕಡಿಮೆ ಏರುತ್ತದೆ, ನಿಜ. ಆದರೆ ಆ ಲಾಭ ಸಣ್ಣದು. ತಣ್ಣಗಿದೆ ಎಂದು ಎರಡರಷ್ಟು ತಿಂದರೆ ಏನೂ ಉಳಿಯುವುದಿಲ್ಲ.

ಮೊದಲು ತರಕಾರಿ, ಕೊನೆಗೆ ಅನ್ನ ತಿನ್ನಬೇಕು ಅಂತಾರಲ್ಲ, ನಿಜವಾ?

ನಿಜ. ಪೈಸೆ ಖರ್ಚಿಲ್ಲದ, ಏನನ್ನೂ ಬಿಡಬೇಕಿಲ್ಲದ ಉಪಾಯ ಇದು. 2015ರಲ್ಲಿ ಅಮೆರಿಕದ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನ ತಂಡವೊಂದು ಇದನ್ನು ಪರೀಕ್ಷಿಸಿ ಪ್ರಕಟಿಸಿತು. ಟೈಪ್ 2 ಮಧುಮೇಹ ಇದ್ದ, ಮೆಟ್‌ಫಾರ್ಮಿನ್ ಎನ್ನುವ ಶುಗರ್ ಮಾತ್ರೆ ತೆಗೆದುಕೊಳ್ಳುತ್ತಿದ್ದ 11 ಜನ ಒಂದೇ ಊಟವನ್ನು ಎರಡು ಬೇರೆ ಕ್ರಮದಲ್ಲಿ ತಿಂದರು. ಒಂದು ದಿನ ಬ್ರೆಡ್ ಮತ್ತು ಕಿತ್ತಳೆ ರಸ ಮೊದಲು, 15 ನಿಮಿಷ ಬಿಟ್ಟು ಕೋಳಿ ಮಾಂಸ ಮತ್ತು ತರಕಾರಿ. ಇನ್ನೊಂದು ದಿನ ಕ್ರಮ ಉಲ್ಟಾ. ತರಕಾರಿ ಮತ್ತು ಪ್ರೋಟೀನ್ ಮೊದಲು ತಿಂದ ದಿನ ಒಂದು ಗಂಟೆಯ ಹೊತ್ತಿನ ಶುಗರ್ ಸುಮಾರು 37 ಶೇಕಡಾ ಕಡಿಮೆ ಇತ್ತು. ಎರಡು ಗಂಟೆಗೆ ಸುಮಾರು 17 ಶೇಕಡಾ ಕಡಿಮೆ. ಅದು ಸಣ್ಣ ಅಧ್ಯಯನ. ಆದರೆ ಆಮೇಲೆ ನಡೆದ ಬೇರೆ ಅಧ್ಯಯನಗಳೂ ಅದೇ ದಿಕ್ಕು ತೋರಿಸಿವೆ.

ಕಾರಣ ಸರಳ. ನಾರು, ಪ್ರೋಟೀನ್, ಕೊಬ್ಬು ಮೊದಲೇ ಹೊಟ್ಟೆ ಸೇರಿದರೆ ಹೊಟ್ಟೆ ಬರಿದಾಗುವ ವೇಗ ಕಡಿಮೆಯಾಗುತ್ತದೆ. ಕರುಳಿನಿಂದ ಜಿಎಲ್‌ಪಿ-1 ಎನ್ನುವ ಹಾರ್ಮೋನ್ ಹೊರಟು ಇನ್ಸುಲಿನ್‌ಗೆ ಮುಂಚೆಯೇ ಸೂಚನೆ ಕೊಡುತ್ತದೆ. ಎಲ್ಲವನ್ನೂ ಒಟ್ಟಿಗೆ ಕಲಸಿದ ಸಲಾಡ್‌ನಲ್ಲಿ ಹೆಕ್ಕಿ ಹೆಕ್ಕಿ ತಿನ್ನುವ ಅಗತ್ಯವಿಲ್ಲ. ಬ್ರೆಡ್ ಅಥವಾ ಅನ್ನವನ್ನು ಮಾತ್ರ ಪಕ್ಕಕ್ಕೆ ಇಟ್ಟು ಕೊನೆಗೆ ತಿನ್ನಿ.

ಕ್ಯಾರೆಟ್, ಬೀಟ್‌ರೂಟ್ ಸಿಹಿ ಇರುತ್ತವೆ. ಬಿಡಬೇಕಾ?

ಸುಮ್ನೆ ಹೆದರಬೇಡಿ, ತಿನ್ನಿ. ಈ ಭಯ ಬಂದಿದ್ದು ಗ್ಲೈಸೆಮಿಕ್ ಇಂಡೆಕ್ಸ್ ಪಟ್ಟಿಗಳಿಂದ. 1981ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಡೇವಿಡ್ ಜೆಂಕಿನ್ಸ್ ಮತ್ತು ಜೊತೆಯವರು ಈ ಅಳತೆ ತಂದರು. ಗ್ಲೂಕೋಸ್‌ಗೆ 100 ಎಂದು ಇಟ್ಟುಕೊಂಡು ಬೇರೆ ಆಹಾರ ಎಷ್ಟು ಏರಿಸುತ್ತದೆ ಎಂದು ಹೋಲಿಸುತ್ತಾರೆ. 55 ಮತ್ತು ಕೆಳಗೆ ಇದ್ದರೆ ಕಡಿಮೆ, 70 ಮತ್ತು ಮೇಲೆ ಇದ್ದರೆ ಜಾಸ್ತಿ. ಆದರೆ ಈ ಹೋಲಿಕೆ ಮಾಡುವುದು ಸಾಮಾನ್ಯವಾಗಿ 50 ಗ್ರಾಂ ಕಾರ್ಬೋಹೈಡ್ರೇಟ್ ಇರುವಷ್ಟು ಆಹಾರ ಕೊಟ್ಟು. 100 ಗ್ರಾಂ ಹಸಿ ಕ್ಯಾರೆಟ್‌ನಲ್ಲಿ ನಾರೂ ಸೇರಿ ಸುಮಾರು 10 ಗ್ರಾಂ ಇದೆ. ಅಂದರೆ 50 ಗ್ರಾಂ ಆಗಲು ಅರ್ಧ ಕಿಲೋಗಿಂತ ಜಾಸ್ತಿ ಕ್ಯಾರೆಟ್ ತಿನ್ನಬೇಕು. ಒಂದು ಊಟಕ್ಕೆ ಅಷ್ಟು ಯಾರು ತಿನ್ನುತ್ತಾರೆ? ತುರಿದ ಒಂದು ಕ್ಯಾರೆಟ್, ನಾಲ್ಕು ಹೋಳು ಬೀಟ್‌ರೂಟ್ ಸಲಾಡ್‌ಗೆ ಬಣ್ಣ, ರುಚಿ ಕೊಡುತ್ತವೆ. ಶುಗರ್‌ಗೆ ಅದರಿಂದ ದೊಡ್ಡ ಪೆಟ್ಟಿಲ್ಲ. ಅಳತೆ ಬೇಕಾಗಿರುವುದು ಸ್ವೀಟ್ ಕಾರ್ನ್, ಆಲೂಗಡ್ಡೆ, ಗೆಣಸಿಗೆ.

ಹಣ್ಣು?

ಇಡೀ ಹಣ್ಣನ್ನು ತುಂಡು ಮಾಡಿ, ಒಂದು ಸಣ್ಣ ಹಿಡಿಯಷ್ಟು ಹಾಕಬಹುದು. ಸ್ಟ್ರಾಬೆರಿ, ಸೇಬು, ಕಿತ್ತಳೆ ತೊಳೆ ಚೆನ್ನಾಗಿ ಹೊಂದುತ್ತವೆ. ಒಣಗಿಸಿದ ಹಣ್ಣು, ಸಕ್ಕರೆ ಪಾಕದಲ್ಲಿಟ್ಟ ಡಬ್ಬಿ ಹಣ್ಣು ಬೇಡ. ರಸವಂತೂ ಬೇಡವೇ ಬೇಡ. ಶುಗರ್ ಕುಸಿದಾಗ ಔಷಧಿಯಂತೆ ಕುಡಿಯಲು ಮಾತ್ರ ಅದು ಸರಿ.

ಡ್ರೆಸ್ಸಿಂಗ್ ಯಾವುದು ಒಳ್ಳೆಯದು?

ಮನೆಯಲ್ಲೇ ಮಾಡಿದ್ದು. ಒಂದು ಚಮಚ ಎಣ್ಣೆ, ಒಂದು ಚಮಚ ನಿಂಬೆರಸ ಅಥವಾ ವಿನೆಗರ್, ಉಪ್ಪು, ಕಾಳುಮೆಣಸು, ಬೇಕಿದ್ದರೆ ಸ್ವಲ್ಪ ಸಾಸಿವೆ ಪೇಸ್ಟ್. ಮುಚ್ಚಳವಿರುವ ಬಾಟಲಿಗೆ ಹಾಕಿ ಕುಲುಕಿದರೆ ಮುಗಿಯಿತು. ದಪ್ಪ ಬೇಕೆಂದರೆ ಮೊಸರು ಅಥವಾ ಎಳ್ಳಿನ ಪೇಸ್ಟ್.

ಅಂಗಡಿಯ ಬಾಟಲಿ ತರುವುದಾದರೆ ಮುಂಭಾಗದ ದೊಡ್ಡ ಅಕ್ಷರ ಬಿಟ್ಟು ಹಿಂಭಾಗ ಓದಿ. "ಕೊಬ್ಬಿಲ್ಲ" ಎಂದು ಬರೆದಿರುವ ಡ್ರೆಸ್ಸಿಂಗ್‌ಗಳಲ್ಲಿ ರುಚಿಗಾಗಿ ಸಕ್ಕರೆ ಜಾಸ್ತಿ ಹಾಕಿರುವುದು ಸಾಮಾನ್ಯ. ಗ್ಲೂಕೋಸ್ ಸಿರಪ್, ಡೆಕ್ಸ್‌ಟ್ರೋಸ್, ಮಾಲ್ಟೊಡೆಕ್ಸ್‌ಟ್ರಿನ್ ಎಲ್ಲವೂ ಶುಗರ್ ಏರಿಸುವವೇ. 4 ಗ್ರಾಂ ಸಕ್ಕರೆ ಎಂದರೆ ಒಂದು ಟೀ ಚಮಚ. ಲೇಬಲ್‌ನ ಅಂಕಿ ಸಾಮಾನ್ಯವಾಗಿ ಎರಡು ದೊಡ್ಡ ಚಮಚಕ್ಕೆ ಇರುತ್ತದೆ. ನೀವು ಸುರಿಯುವುದು ಅದಕ್ಕಿಂತ ಜಾಸ್ತಿ ಇರಬಹುದು.

ವಿನೆಗರ್ ಬಗ್ಗೆ ಬಹಳ ಜನ ಕೇಳುತ್ತಾರೆ. ಅದರಲ್ಲಿರುವ ಅಸಿಟಿಕ್ ಆಮ್ಲ ಪಿಷ್ಟದ ಊಟದ ನಂತರದ ಏರಿಕೆಯನ್ನು ಸ್ವಲ್ಪ ತಗ್ಗಿಸುತ್ತದೆ. ಡ್ರೆಸ್ಸಿಂಗ್‌ನಲ್ಲಿ ಸೇರಿದರೆ ಒಳ್ಳೆಯದೇ. ಅದನ್ನೇ ಔಷಧಿ ಎಂದುಕೊಂಡು ನೀರು ಬೆರೆಸದೆ ಕುಡಿಯಬೇಡಿ. ಹಲ್ಲಿನ ಎನಾಮಲ್ ಸವೆಯುತ್ತದೆ, ಗಂಟಲು ಉರಿಯುತ್ತದೆ.

ಔಷಧಿ ತೆಗೆದುಕೊಳ್ಳುತ್ತೇನೆ. ಏಕಾಏಕಿ ಊಟ ಬದಲಿಸಿ ಸಲಾಡ್ ತಿನ್ನಬಹುದಾ?

ಯಾವ ಔಷಧಿ ಎನ್ನುವುದರ ಮೇಲೆ ಹೋಗುತ್ತದೆ. ದಯವಿಟ್ಟು ಈ ಉತ್ತರವನ್ನು ಅವಸರದಲ್ಲಿ ದಾಟಿಸಬೇಡಿ.

ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಶುಗರ್ ಅಪಾಯದ ಮಟ್ಟಕ್ಕೆ ಕುಸಿಯುವುದು ಅಪರೂಪ. ಆದರೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಪಿಜೈಡ್‌ನಂಥ ಮಾತ್ರೆ ಇದ್ದರೆ ಮಾತು ಬೇರೆ. ನಿಮ್ಮ ಡೋಸ್ ನಿಗದಿಯಾಗಿದ್ದು ನೀವು ಹಿಂದೆ ತಿನ್ನುತ್ತಿದ್ದ ಊಟವನ್ನು ನೋಡಿ. ಊಟದ ಪಿಷ್ಟ ಅರ್ಧಕ್ಕೆ ಇಳಿದು ಔಷಧಿ ಅಷ್ಟೇ ಇದ್ದರೆ ಶುಗರ್ 70ರ ಕೆಳಗೆ ಹೋಗಬಹುದು. ನಡುಕ, ಬೆವರು, ಎದೆ ಬಡಿತ, ತಲೆ ಸುತ್ತು, ಕಾರಣವಿಲ್ಲದ ಸಿಟ್ಟು, ಮಂಕು ಇವು ಅದರ ಲಕ್ಷಣ. ಆದ್ದರಿಂದ ಊಟ ಬದಲಿಸುವ ಮುಂಚೆ ವೈದ್ಯರಿಗೆ ತಿಳಿಸಿ. ಡೋಸ್ ಕಡಿಮೆ ಮಾಡಬೇಕಾಗಬಹುದು. ಅದನ್ನು ಅವರೇ ಮಾಡಬೇಕು, ನೀವಾಗಿ ಮಾತ್ರೆ ಬಿಡಬೇಡಿ.

ಕುಸಿದರೆ ಸಲಾಡ್‌ನಿಂದ ಏನೂ ಪ್ರಯೋಜನವಿಲ್ಲ. ಆಗ ಬೇಕಾಗಿರುವುದು ಬೇಗ ಏರಿಸುವ ಸಕ್ಕರೆ. 15 ಗ್ರಾಂನಷ್ಟು ಗ್ಲೂಕೋಸ್, ಅಥವಾ ಅರ್ಧ ಕಪ್ ಹಣ್ಣಿನ ರಸ, ಅಥವಾ ಒಂದು ದೊಡ್ಡ ಚಮಚ ಸಕ್ಕರೆ ತೆಗೆದುಕೊಂಡು 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಇನ್ನೂ 70ರ ಕೆಳಗಿದ್ದರೆ ಮತ್ತೊಮ್ಮೆ. ಚಾಕೊಲೇಟ್ ಸರಿಯಲ್ಲ, ಅದರ ಕೊಬ್ಬು ಸಕ್ಕರೆಯನ್ನು ನಿಧಾನ ಮಾಡುತ್ತದೆ. ಅಕಾರ್ಬೋಸ್ (ಪಿಷ್ಟ, ಸಕ್ಕರೆ ಅರಗುವುದನ್ನು ನಿಧಾನ ಮಾಡುವ ಮಾತ್ರೆ) ತೆಗೆದುಕೊಳ್ಳುವವರಿಗೆ ಮಾಮೂಲಿ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಅವರು ಗ್ಲೂಕೋಸನ್ನೇ ತೆಗೆದುಕೊಳ್ಳಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ತಕ್ಷಣ ಆಂಬುಲೆನ್ಸ್ ಕರೆಯಬೇಕು.

ಊಟದ ಲೆಕ್ಕ ನೋಡಿ ಇನ್ಸುಲಿನ್ ಹಾಕಿಕೊಳ್ಳುವವರಿಗೆ ಇನ್ನೊಂದು ಮಾತು. ಪ್ರೋಟೀನ್ ಮತ್ತು ಕೊಬ್ಬು ಜಾಸ್ತಿ ಇರುವ ಸಲಾಡ್‌ನಲ್ಲಿ ಏರಿಕೆ ತಡವಾಗಿ, ಊಟವಾಗಿ ಮೂರರಿಂದ ಐದು ಗಂಟೆಯ ನಂತರವೂ ಬರಬಹುದು. ಅದು ಕಂಡರೆ ಬರೆದಿಟ್ಟು ವೈದ್ಯರಿಗೆ ತೋರಿಸಿ.

ತಿಂದ ಮೇಲೆ ನಡೆದರೆ ಉಪಯೋಗ ಇದೆಯಾ?

ಖಂಡಿತ ಇದೆ. ನಡೆಯುವಾಗ ಕಾಲಿನ ಸ್ನಾಯುಗಳು ಇನ್ಸುಲಿನ್‌ನ ಸಹಾಯ ಹೆಚ್ಚು ಬೇಡದೆಯೇ ರಕ್ತದ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ. ನ್ಯೂಜಿಲೆಂಡ್‌ನ ಒಟಾಗೊ ವಿಶ್ವವಿದ್ಯಾಲಯದವರು 2016ರಲ್ಲಿ ಟೈಪ್ 2 ಮಧುಮೇಹ ಇರುವ 41 ಜನರ ಅಧ್ಯಯನ ಪ್ರಕಟಿಸಿದರು. ದಿನದಲ್ಲಿ ಯಾವಾಗಲಾದರೂ 30 ನಿಮಿಷ ನಡೆಯುವುದಕ್ಕಿಂತ ಪ್ರತಿ ಮುಖ್ಯ ಊಟದ ನಂತರ 10 ನಿಮಿಷ ನಡೆದಾಗ ಊಟದ ನಂತರದ ಶುಗರ್ ಸರಾಸರಿ 12 ಶೇಕಡಾ ಕಡಿಮೆ ಇತ್ತು. ರಾತ್ರಿ ಊಟದ ನಂತರ ಇನ್ನೂ ಜಾಸ್ತಿ, 22 ಶೇಕಡಾ. ಓಡಬೇಕಿಲ್ಲ. ಕೆಲಸದ ಜಾಗದಲ್ಲಿ ಮೆಟ್ಟಿಲು, ಕಾರಿಡಾರ್ ಸಾಕು. ಫೋನಿನಲ್ಲಿ ಮಾತಾಡುವುದಿದ್ದರೆ ಆ ಹೊತ್ತಿಗೆ ಇಟ್ಟುಕೊಂಡು ನಡೆಯುತ್ತಾ ಮಾತಾಡಿ.

ನನ್ನ ಸಲಾಡ್ ನನಗೆ ಒಗ್ಗುತ್ತಿದೆಯಾ ಎಂದು ತಿಳಿಯುವುದು ಹೇಗೆ?

ಮೀಟರ್ ಇದ್ದರೆ ಊಟಕ್ಕೆ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಎರಡು ಗಂಟೆಗೆ ಒಮ್ಮೆ ನೋಡಿ. ಊಟ ಮುಗಿದ ಹೊತ್ತಿನಿಂದ ಎಣಿಸಬೇಡಿ. ಬರೀ ಎರಡನೇ ಅಂಕಿ ನೋಡದೆ, ಎಷ್ಟು ಏರಿತು ಎನ್ನುವ ವ್ಯತ್ಯಾಸ ನೋಡಿ. ಪಕ್ಕದಲ್ಲಿ ಏನು ತಿಂದಿರಿ ಎಂದು ಒಂದು ಸಾಲು ಬರೆಯಿರಿ. ಬದಲಾವಣೆ ಮಾಡುವಾಗ ಒಂದೊಂದೇ ಮಾಡಿ. ಇವತ್ತು ಸ್ವೀಟ್ ಕಾರ್ನ್ ತೆಗೆದು ಕಡಲೆ ಹಾಕಿ ನೋಡಿದರೆ, ನಡಿಗೆಯನ್ನು ಮುಂದಿನ ವಾರ ಸೇರಿಸಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತು ಎಂದು ಗೊತ್ತಾಗುವುದಿಲ್ಲ.

ಬೆರಳು ಚುಚ್ಚುವ ಮುಂಚೆ ಸೋಪು ಹಾಕಿ ಕೈ ತೊಳೆದು ಒರೆಸಿ. ಹಣ್ಣು ಹೆಚ್ಚಿದ ಕೈಯಲ್ಲಿ ಅಂಟಿರುವ ರಸವೇ ಸುಳ್ಳು ಅಂಕಿ ತೋರಿಸುತ್ತದೆ. ಇದು ಸಣ್ಣ ವಿಷಯ ಅನಿಸಬಹುದು, ಆದರೆ ಇದರಿಂದ ಇಲ್ಲದ ಏರಿಕೆ ಕಂಡು ಊಟವನ್ನೇ ಬಿಡುವವರಿದ್ದಾರೆ. ತೋಳಿಗೆ ಅಂಟಿಸುವ ಸೆನ್ಸರ್ ಬಳಸುವವರು ನೆನಪಿಡಿ, ಅದು ನೋಡುವುದು ಚರ್ಮದ ಕೆಳಗಿನ ದ್ರವದ ಸಕ್ಕರೆಯನ್ನು. ರಕ್ತಕ್ಕಿಂತ ಕೆಲವು ನಿಮಿಷ ಹಿಂದಿರುತ್ತದೆ. ಮೈಗೆ ಅನಿಸುವುದಕ್ಕೂ ಸೆನ್ಸರ್ ಅಂಕಿಗೂ ತಾಳೆಯಾಗದಿದ್ದರೆ ಬೆರಳು ಚುಚ್ಚಿ ನೋಡಿ.

ಅದೇ ಸಲಾಡ್, ಅಷ್ಟೇ ಅಳತೆ. ನಿನ್ನೆ 140, ಇವತ್ತು 175. ಯಾಕೆ?

ನಿದ್ದೆ ಕಡಿಮೆಯಾದರೆ ಮರುದಿನ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಆತಂಕ, ಜ್ವರ, ಸೋಂಕು, ಸ್ಟೀರಾಯ್ಡ್ ಔಷಧಿ ಎಲ್ಲವೂ ಏರಿಸುತ್ತವೆ. ಬೆಳಿಗ್ಗೆ ಏನು ತಿಂದಿರಿ, ಎಷ್ಟು ಓಡಾಡಿದಿರಿ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಮೀಟರ್ ಕೂಡ ಪ್ರಯೋಗಾಲಯದ ಅಂಕಿಗಿಂತ ಸ್ವಲ್ಪ ಹೆಚ್ಚುಕಮ್ಮಿ ತೋರಿಸುತ್ತದೆ. ಒಂದು ರೀಡಿಂಗ್ ಹಿಡಿದುಕೊಂಡು ತೀರ್ಮಾನಕ್ಕೆ ಬರಬೇಡಿ. ಅದೇ ಊಟದ ನಾಲ್ಕೈದು ರೀಡಿಂಗ್ ಒಟ್ಟಿಗೆ ಇಟ್ಟು ನೋಡಿ.

ಹಸಿ ತರಕಾರಿ ತಿಂದರೆ ಹೊಟ್ಟೆ ಉಬ್ಬುತ್ತದೆ. ಏನು ಮಾಡಲಿ?

ಬೇಯಿಸಿ ತಿನ್ನಿ. ಸಲಾಡ್ ಹಸಿಯಾಗಿಯೇ ಇರಬೇಕು ಎಂಬ ನಿಯಮವಿಲ್ಲ. ಹಬೆಯಲ್ಲಿ ಬೇಯಿಸಿದ ಬೀನ್ಸ್, ಬ್ರೊಕೊಲಿ, ಬಾಡಿಸಿದ ಎಲೆಕೋಸು, ಹುರಿದ ಬದನೆಕಾಯಿ ಎಲ್ಲವೂ ಆಗುತ್ತದೆ. ನಾರನ್ನು ಒಮ್ಮೆಲೇ ಜಾಸ್ತಿ ಮಾಡಬೇಡಿ. ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಈಗ ತೀರಾ ಕಡಿಮೆ ತಿನ್ನುತ್ತಿದ್ದರೆ ಎರಡು ಮೂರು ವಾರದಲ್ಲಿ ಮೆಲ್ಲಗೆ ಏರಿಸಿ, ನೀರೂ ಸಾಕಷ್ಟು ಕುಡಿಯಿರಿ.

ಎಲ್ಲವನ್ನೂ ಮಿಕ್ಸಿಗೆ ಹಾಕಿ ಕುಡಿದರೆ ಆಗಲ್ವಾ?

ಅಗಿದು ತಿನ್ನುವುದೇ ಮೇಲು. ಕುಡಿದದ್ದು ಬೇಗ ಇಳಿಯುತ್ತದೆ, ಹಸಿವೂ ಬೇಗ ಬರುತ್ತದೆ. ಸೋಸಿ ನಾರು ತೆಗೆದರಂತೂ ಉಳಿಯುವುದು ಸಿಹಿ ನೀರು.

ವೈದ್ಯರನ್ನು ಕೇಳದೆ ಶುರು ಮಾಡಬಾರದವರು ಯಾರಾದರೂ ಇದ್ದಾರಾ?

ಇದ್ದಾರೆ. ಮೂತ್ರಪಿಂಡದ ತೊಂದರೆ ಇರುವವರಿಗೆ ಟೊಮೆಟೊ, ಪಾಲಕ್, ಬೆಣ್ಣೆಹಣ್ಣು, ಕಾಳುಗಳ ಪೊಟ್ಯಾಸಿಯಂ ಹೆಚ್ಚಾಗಬಹುದು, ಪ್ರೋಟೀನ್‌ಗೂ ಮಿತಿ ಇರಬಹುದು. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ಹಸಿರು ಸೊಪ್ಪನ್ನು ಬಿಡಬೇಕಿಲ್ಲ, ಆದರೆ ವಾರದಿಂದ ವಾರಕ್ಕೆ ಅಳತೆ ಒಂದೇ ಇರಬೇಕು. ಇವತ್ತು ಬುಟ್ಟಿಗಟ್ಟಲೆ, ನಾಳೆ ಏನೂ ಇಲ್ಲ ಎಂದಾದರೆ ವಿಟಮಿನ್ ಕೆ ಏರಿಳಿದು ಔಷಧಿಯ ಲೆಕ್ಕ ತಪ್ಪುತ್ತದೆ. ಬಹಳ ವರ್ಷದ ಮಧುಮೇಹದಿಂದ ಕೆಲವರಿಗೆ ಹೊಟ್ಟೆ ಬರಿದಾಗುವುದೇ ನಿಧಾನವಾಗಿರುತ್ತದೆ. ಅವರಿಗೆ ಹಸಿ ತರಕಾರಿಯ ಒರಟು ನಾರು ಕಷ್ಟ ಕೊಡುತ್ತದೆ.

ಗರ್ಭಿಣಿಯರಿಗೆ ಶುಗರ್‌ನ ಗುರಿ ಇನ್ನೂ ಬಿಗಿ. ಸಾಮಾನ್ಯವಾಗಿ ಊಟದ ಒಂದು ಗಂಟೆಗೆ 140, ಎರಡು ಗಂಟೆಗೆ 120ರ ಒಳಗೆ ಇರಬೇಕು. ಅವರು ಹಸಿ ಮೊಳಕೆಕಾಳು ತಿನ್ನಬಾರದು, ಮೊದಲೇ ಹೆಚ್ಚಿಟ್ಟ ಸಲಾಡನ್ನೂ ಬಿಡುವುದು ಒಳ್ಳೆಯದು. ಅದರಲ್ಲಿ ಸೋಂಕಿನ ಅಪಾಯ ಇದೆ. ಮೊಳಕೆಕಾಳು ಬೇಕೆಂದರೆ ಚೆನ್ನಾಗಿ ಬೇಯಿಸಿ ತಿನ್ನಬಹುದು.

ಹೋಟೆಲ್‌ನಲ್ಲಿ ಸಲಾಡ್ ತರಿಸುವಾಗ ಏನು ಹೇಳಬೇಕು?

ಡ್ರೆಸ್ಸಿಂಗ್ ಬೇರೆ ಬಟ್ಟಲಲ್ಲಿ ಕೊಡಿ ಎನ್ನಿ. ಹುರಿದ ಬ್ರೆಡ್ ತುಂಡಿನ ಬದಲು ಮೊಟ್ಟೆ ಅಥವಾ ಕಾಳು ಇದೆಯೇ ಕೇಳಿ. ಕರಿದ ಕೋಳಿಯ ಹೊರಪದರ ಹಿಟ್ಟಿನದು, ಅದರ ಬದಲು ಸುಟ್ಟದ್ದು ತರಿಸಿ. ಜೊತೆಗೆ ನೀರು.

ಒಂದೆರಡು ಜೋಡಣೆ ಹೇಳಿ, ನಾಳೆಯೇ ಶುರು ಮಾಡುತ್ತೇನೆ.

ನನಗೆ ಇಷ್ಟವಾದದ್ದು ಕಡಲೆ ಮತ್ತು ಮೊಟ್ಟೆಯದ್ದು. ಎರಡು ಹಿಡಿ ಎಲೆ, ಒಂದು ಸೌತೆಕಾಯಿ, ಒಂದು ಟೊಮೆಟೊ, ಅರ್ಧ ಕ್ಯಾಪ್ಸಿಕಂ ಹೆಚ್ಚಿ. ಬೇಯಿಸಿದ ಅರ್ಧ ಕಪ್ ಕಾಬೂಲ್ ಕಡಲೆ, ಎರಡು ಬೇಯಿಸಿದ ಮೊಟ್ಟೆ, ಒಂದು ದೊಡ್ಡ ಚಮಚ ಕುಂಬಳ ಬೀಜ ಹಾಕಿ. ಮೇಲೆ ಎಣ್ಣೆ ಮತ್ತು ನಿಂಬೆರಸ. ಪ್ರೋಟೀನ್ 20 ಗ್ರಾಂ ದಾಟುತ್ತದೆ. ಪಿಷ್ಟ ಬಹುಪಾಲು ಕಡಲೆಯದ್ದೇ, ಹಾಗಾಗಿ ಬೇರೆ ಬ್ರೆಡ್ ಬೇಕಾಗುವುದಿಲ್ಲ.

ಮೊಟ್ಟೆ ತಿನ್ನದವರು ಅದರ ಜಾಗಕ್ಕೆ 100 ಗ್ರಾಂ ಗಟ್ಟಿ ತೋಫು ಹುರಿದು ಹಾಕಿ, ಎಳ್ಳು ಉದುರಿಸಿ. ಮಾಂಸ ತಿನ್ನುವವರು 100 ಗ್ರಾಂ ಕೋಳಿ ಅಥವಾ ಮೀನು ಹಾಕಿದರೆ ಕಾಳು ಬಿಟ್ಟು ಕಾಲು ತಟ್ಟೆಯಷ್ಟು ಇಡಿಧಾನ್ಯ ಸೇರಿಸಬಹುದು. ಆದರೂ ಸಂಜೆ ಹೊತ್ತಿಗೆ ಹಸಿವಾದರೆ ಒಂದು ಹಿಡಿ ಬಾದಾಮಿ ಅಥವಾ ಸಕ್ಕರೆ ಹಾಕದ ಮೊಸರು. ದಿನವೂ ಹಾಗೇ ಹಸಿವಾಗುತ್ತಿದ್ದರೆ ಮಧ್ಯಾಹ್ನದ ಪ್ರೋಟೀನ್ ಸಾಲುತ್ತಿಲ್ಲ ಎಂದರ್ಥ. ಅಲ್ಲೇ ಹೆಚ್ಚಿಸಿ.

ರಾತ್ರಿಯೇ ಮಾಡಿ ಡಬ್ಬಿಗೆ ಹಾಕಿಡಬಹುದಾ?

ಹಾಕಿಡಬಹುದು. ತಳಕ್ಕೆ ಡ್ರೆಸ್ಸಿಂಗ್, ಅದರ ಮೇಲೆ ಕಾಳು ಮತ್ತು ಗಟ್ಟಿ ತರಕಾರಿ, ಆಮೇಲೆ ಮೊಟ್ಟೆ ಅಥವಾ ಮಾಂಸ, ಎಲ್ಲಕ್ಕಿಂತ ಮೇಲೆ ಎಲೆ. ತಿನ್ನುವಾಗ ಬಟ್ಟಲಿಗೆ ಮಗುಚಿದರೆ ಎಲೆ ಬಾಡಿರುವುದಿಲ್ಲ. ಎಲೆ ತೊಳೆದ ಮೇಲೆ ನೀರು ಪೂರ್ತಿ ಒರೆಸಿ, ಇಲ್ಲದಿದ್ದರೆ ಬೇಗ ಕೊಳೆಯುತ್ತದೆ. ಬೇಯಿಸಿದ ಕಾಳು, ಮೊಟ್ಟೆ, ಮಾಂಸ, ಅನ್ನವನ್ನು ಎರಡು ಗಂಟೆಗಿಂತ ಜಾಸ್ತಿ ಹೊರಗಿಡಬೇಡಿ. ಸೆಕೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಕೆಲಸದ ಜಾಗದಲ್ಲಿ ಫ್ರಿಜ್ ಇಲ್ಲದಿದ್ದರೆ ಐಸ್ ಪ್ಯಾಕ್ ಇರುವ ಚೀಲದಲ್ಲಿ ಒಯ್ಯಿರಿ.